ಗಿಡಕ್ಕೆ ಹಣೆಬರಹ ಇಲ್ಲ



*ಇಂದಿನ ಚಿಂತನೆ: ಪಟಿಚ್ಚ ಸಮುಪ್ಪಾದ*

ನಮ್ಮದು ಸುಲ್ತಾನ್‌ಪೇಟೆ ಗಲ್ಲಿಯ ಎರಡನೇ ಮಹಡಿಯ ಬಾಡಿಗೆ ಮನೆ. ಕೆಳಗೆ ಪ್ರಿಂಟಿಂಗ್ ಮಿಷನ್ನು, ಎದುರಿಗೆ ಇನ್ನೊಂದು ಕಟ್ಟಡದ ಗೋಡೆ. ಆಸೆಪಟ್ಟು ಹಳೇ ಪೇಂಟ್ ಬಕೆಟ್ಟಿಗೆ ಮಣ್ಣು ತುಂಬಿ, ಅಡುಗೆಮನೆ ಕಿಟಕಿಯಲ್ಲಿಟ್ಟು ಮೆಂತ್ಯ ಹಾಕಿದೆ. ಮೊಳಕೆ ಬಂತು, ಬಿಳುಚಿಕೊಂಡು ಬಾಗಿತು, ಬುಡ ಕೊಳೆತು ಹೋಯಿತು. ಎರಡನೇ ಸಲವೂ ಅಷ್ಟೇ. "ನನ್ನ ಕೈಗುಣ ಸರಿಯಿಲ್ಲ, ಹಣೆಯಲ್ಲಿ ಬರೆದಿಲ್ಲ" ಅಂದುಕೊಂಡೆ.

ಅದೇ ವಾರ ಮಗ ಗಣಿತದಲ್ಲಿ ಫೇಲಾದ. ಸಿಟ್ಟಿನಲ್ಲಿ ಅವನಿಗೂ ಅದನ್ನೇ ಅಂದೆ: "ನಿನ್ನ ಹಣೆಬರಹ ಇಷ್ಟೇ ಕಣೋ." ಅವನು ಊಟ ಬಿಟ್ಟು ಮಲಗಿದ.

ಬೆಂಗಳೂರಿನವರಿಗೆ ತಾರಸಿ ತೋಟ ಕಲಿಸಿದ ಡಾ. ಬಿ.ಎನ್. ವಿಶ್ವನಾಥ್ ಅವರಿಂದ ಕಲಿತ ಅಕ್ಕ ಒಬ್ಬರು ನಮಗೆ ಪರಿಚಯ. ಮನೆಗೆ ಬಂದವರು ಬಕೆಟ್ ಎತ್ತಿ ತಳ ನೋಡಿದರು. "ತೂತೇ ಇಲ್ವಲ್ಲಮ್ಮ, ನೀರು ಎಲ್ಲಿಗೆ ಹೋಗ್ಬೇಕು? ಬಿಸಿಲು ಎಲ್ಲಿದೆ?" ಅಂದರು.

ಅವರು ಹೇಳಿದಂತೆ ತಳಕ್ಕೆ ಐದಾರು ತೂತು ಮಾಡಿದೆ. ಕೆಂಪು ಮಣ್ಣು, ಗೊಬ್ಬರ, ಕೋಕೋಪೀಟ್ ಒಂದೊಂದು ಪಾಲು ಬೆರೆಸಿದೆ. ಓನರನ್ನು ಕೇಳಿ ತಾರಸಿಯಲ್ಲಿಟ್ಟೆ. ಬೆರಳಿಟ್ಟು ನೋಡಿ, ಒಣಗಿದ್ದರೆ ಮಾತ್ರ ನೀರು. ಕಿಟಕಿಗೆ ಕಡಿಮೆ ಬಿಸಿಲಿನಲ್ಲೂ ಬರುವ ಪುದೀನ ನೆಟ್ಟೆ. 25 ದಿನಕ್ಕೆ ಮೆಂತ್ಯ ಸೊಪ್ಪು ಕಿತ್ತೆ. ಅದೇ ಡಬ್ಬಿಯ ಮೆಂತ್ಯ, ಅದೇ ಕೈ!

ಆ ರಾತ್ರಿ ನಿದ್ದೆ ಬರಲಿಲ್ಲ. ಮಗನ ವಿಷಯದಲ್ಲಿ ನಾನು ಬಕೆಟ್ ಎತ್ತಿ ನೋಡಿರಲೇ ಇಲ್ಲ. ಒಂದೇ ರೂಮು, ರಾತ್ರಿಯವರೆಗೂ ಮಿಷನ್ ಸದ್ದು, ಲೆಕ್ಕ ತಿಳಿಯದಿದ್ದರೆ ಹೇಳಿಕೊಡುವವರಿಲ್ಲ.

ಬಂಧುಗಳೇ, ಕಾರಣವಿಲ್ಲದೆ ಯಾವುದೂ ಹುಟ್ಟುವುದಿಲ್ಲ, ಕಾರಣ ತೆಗೆದರೆ ದುಃಖವೂ ಹೋಗುತ್ತದೆ ಎಂದು ಭಗವಾನ್ ಬುದ್ಧರು ಕಲಿಸಿದರು. ನಮ್ಮ ಹಿರಿಯರಿಗೆ ಮಾತ್ರ "ಪೂರ್ವಜನ್ಮದ ಕರ್ಮ" ಎಂದು ಹೇಳಿ ಬಾಯಿ ಮುಚ್ಚಿಸಿದರು. 1957ರಲ್ಲಿ ಪ್ರಕಟವಾದ 'ಬುದ್ಧ ಮತ್ತು ಆತನ ಧಮ್ಮ' ಗ್ರಂಥದಲ್ಲಿ ಬಾಬಾಸಾಹೇಬರು ಆ ವಾದವನ್ನು ತಿರಸ್ಕರಿಸಿದ್ದಾರೆ. ಮಹಾಡ್‌ನಲ್ಲಿ ನಮ್ಮವರಿಗೆ ಕೆರೆಯ ನೀರು ಸಿಗದಿದ್ದುದು ಕರ್ಮದಿಂದಲ್ಲ, ಮುಟ್ಟಲು ಬಿಡದ ಜನರಿಂದ. ಅದಕ್ಕೇ 1927ರ ಮಾರ್ಚ್ 20ರಂದು ಬಾಬಾಸಾಹೇಬರು ಜನರೊಂದಿಗೆ ನಡೆದು ಹೋಗಿ ಚವದಾರ್ ಕೆರೆಯ ನೀರು ಕುಡಿದರು.

1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಅವರು ಕೊಟ್ಟ 22 ಪ್ರತಿಜ್ಞೆಗಳನ್ನು ನಾನೂ ಸ್ವೀಕರಿಸಿದವಳು. ಮನೆಯಿಂದ ದೇವರ ಪಟಗಳು ಹೋದವು, ನಾಲಿಗೆಯಿಂದ 'ಹಣೆಬರಹ' ಹೋಗಿರಲಿಲ್ಲ. ಅದು ನನ್ನ ಮಗುವಿಗೇ ತಾಗಿತು.

ಬೆಳಿಗ್ಗೆ ಮಗನಲ್ಲಿ ಕ್ಷಮೆ ಕೇಳಿದೆ. ಈಗ ಸಂಜೆ ನಮ್ಮ ಬಳಗದ ಅಣ್ಣನೊಬ್ಬರ ಮನೆಯಲ್ಲಿ ಕೂತು ಲೆಕ್ಕ ಮಾಡುತ್ತಾನೆ. ಪಾಸಾಗುವುದು ಇನ್ನೂ ಮುಂದಿದೆ. ಆದರೆ ಊಟ ಬಿಡುವುದಿಲ್ಲ.

ಎದುರಿನ ಗೋಡೆಯನ್ನು ನಾನು ಸರಿಸಲಾರೆ, ಬಕೆಟ್ಟನ್ನು ಬಿಸಿಲಿಗೆ ಒಯ್ಯಬಲ್ಲೆ. ಒಬ್ಬರಿಂದ ಸರಿಯದ ಗೋಡೆಗಳೂ ಇವೆ. ಅದಕ್ಕೇ ಸಂಘ ಇರುವುದು.

*ಇಂದಿನ ಅಭ್ಯಾಸ:* 'ಹಣೆಬರಹ' ಎನ್ನುವ ಮಾತು ಬಾಯಿಗೆ ಬಂದಾಗ ನಿಲ್ಲಿಸಿ, "ತಳದಲ್ಲಿ ತೂತು ಇದೆಯಾ, ಬಿಸಿಲು ಬೀಳುತ್ತಿದೆಯಾ?" ಎಂದು ಕೇಳಿಕೊಳ್ಳೋಣ.

ಭವತು ಸಬ್ಬ ಮಂಗಲಂ 🌱
ಸಾಧು ಸಾಧು ಸಾಧು