ಹೆಸರು ಅಚ್ಚಾದ ಉಡುಗೊರೆ

ಅಕ್ಕನ ಮಗ ಇಬ್ಬರು ಗೆಳೆಯರ ಜೊತೆ ಸೇರಿ ಮೇಟಗಳ್ಳಿಯಲ್ಲಿ ಹೊಸ ಕಂಪೆನಿ ಆರಂಭಿಸಿದ್ದಾನೆ. ಹಿಂದೆ ವಿಕ್ರಾಂತ್ ಟೈರ್ಸ್ ಎನಿಸಿಕೊಂಡಿದ್ದ ಕಾರ್ಖಾನೆಯ ಆಸುಪಾಸಿನ ಸಣ್ಣ ಕೈಗಾರಿಕೆಗಳಿಗೆ ದಾಸ್ತಾನು ಲೆಕ್ಕದ ಸಾಫ್ಟ್‌ವೇರ್ ಮಾರುವ ಕೆಲಸ. ಮೊನ್ನೆ ಸ್ಟೀಲಿನ ಫ್ಲಾಸ್ಕೊಂದನ್ನು ನನ್ನ ಮುಂದಿಟ್ಟ. ಒಳ್ಳೆಯ ಮಾಲು. ಮೈಮೇಲೆ ಅವರ ಕಂಪೆನಿಯ ಹೆಸರು.

"ಮಾಮು, ಐನೂರು ಜನಕ್ಕೆ ಅಗ್ಗದ ಪೆನ್ನು ಹಂಚೋ ಬದಲು ಐವತ್ತು ಜನಕ್ಕೆ ಇದನ್ನ ಕೊಡ್ತೀವಿ. ಪೆನ್ನು ವಾರಕ್ಕೇ ಕಸ. ಇದು ವರ್ಷಗಟ್ಟಲೆ ಮೇಜಿನ ಮೇಲಿರುತ್ತೆ" ಎಂದ.

ವ್ಯಾಪಾರದ ಲೆಕ್ಕ ಸರಿಯಾಗಿಯೇ ಇದೆ. ಆ ಐವತ್ತು ಜನ ಯಾರೆಂದು ಕೇಳಿದೆ. ಬಹುಪಾಲು ಖರೀದಿ ಮ್ಯಾನೇಜರುಗಳು.

ಕನ್ನಡದಲ್ಲಿ ಮುಯ್ಯಿ ಎಂಬ ಮಾತಿದೆ. ಮದುವೆ ಮನೆಯಲ್ಲಿ ಮುಯ್ಯಿ ಬರೆದಿಡುತ್ತಾರೆ. ನಾಳೆ ಅವರ ಮನೆಯ ಮದುವೆಯಲ್ಲಿ ಅದನ್ನು ತೀರಿಸಬೇಕು. ಸೇಡಿಗೂ ನಾವು ಮುಯ್ಯಿ ಎಂದೇ ಅನ್ನುತ್ತೇವೆ. ಕೊಟ್ಟದ್ದು ಹಿಂದಿರುಗಬೇಕೆಂಬ ನಿರೀಕ್ಷೆ ಆ ಪದದೊಳಗೇ ಇದೆ. ಅದರಲ್ಲಿ ನನಗೆ ತಕರಾರಿಲ್ಲ, ಮುಯ್ಯಿ ತೀರಿಸುವವನು ಸ್ವಂತ ಜೇಬಿನಿಂದ ತೀರಿಸುತ್ತಾನೆ. ಮ್ಯಾನೇಜರು ಫ್ಲಾಸ್ಕಿನ ಋಣ ತೀರಿಸುವುದು ಮಾಲೀಕನ ಹಣದಲ್ಲಿ. ವಸ್ತು ಒಳ್ಳೆಯದಾದಷ್ಟೂ ಋಣ ಭಾರ. ಪಾಪ, ಪೆನ್ನು ಯಾರನ್ನೂ ಕಟ್ಟಿಹಾಕದು.

ಝಕಾತ್ ವಸೂಲಿಗೆ ಹೋಗಿದ್ದವನೊಬ್ಬ ಮರಳಿ ಬಂದು, ಇದು ನಿಮಗೆ, ಇದು ನನಗೆ ಸಿಕ್ಕ ಉಡುಗೊರೆ ಎಂದು ಬೇರೆಬೇರೆ ಇಟ್ಟನಂತೆ. ಹೆತ್ತವರ ಮನೆಯಲ್ಲೇ ಕುಳಿತಿದ್ದರೆ ಇದು ನಿನ್ನ ಬಳಿಗೆ ಬರುತ್ತಿತ್ತೇ ಎಂಬರ್ಥದಲ್ಲಿ ಪ್ರವಾದಿಯವರು(ಸ) ಪ್ರಶ್ನಿಸಿದ್ದು ಹದೀಸಿನಲ್ಲಿದೆ. ನಮ್ಮ ಕಾನೂನಿಗೆ ಈ ಪ್ರಶ್ನೆ ಹೊಳೆದದ್ದು ತಡವಾಗಿ. ವೈದ್ಯರು ಔಷಧ ಕಂಪೆನಿಗಳ ಉಡುಗೊರೆ ಪಡೆಯಬಾರದೆಂಬ ನಿಯಮ ಬಂದದ್ದು 2009ರ ಕೊನೆಗೆ. ಅಂಥ ಉಡುಗೊರೆಯ ಖರ್ಚನ್ನು ತೋರಿಸಿ ಕಂಪೆನಿಗಳು ತೆರಿಗೆ ಉಳಿಸುವಂತಿಲ್ಲವೆಂದು ಸುಪ್ರೀಂ ಕೋರ್ಟು ತೀರ್ಪಿತ್ತದ್ದು 2022ರ ಫೆಬ್ರವರಿಯಲ್ಲಿ. ಅದೇ ಜುಲೈಯಿಂದ, ವ್ಯಾಪಾರದ ನಂಟಿನಲ್ಲಿ ಒಬ್ಬರಿಗೆ ವರ್ಷಕ್ಕೆ 20,000 ರೂಪಾಯಿ ಮೀರಿ ಉಡುಗೊರೆ ಕೊಟ್ಟರೆ ಶೇ. 10ರಷ್ಟು ತೆರಿಗೆ ಮುರಿಯಬೇಕೆಂಬ ನಿಯಮವೂ ಬಂತು. ಫ್ಲಾಸ್ಕು ಅದರ ಕೆಳಗೆ ಸಲೀಸಾಗಿ ನುಸುಳುತ್ತದೆ.

ಉಡುಗೊರೆಯ ಮೇಲೆ ಹೆಸರು ಅಚ್ಚು ಹಾಕಿಸುವುದು ಸಣ್ಣತನವೆಂದು ಮೊದಲು ಅನ್ನಿಸಿತ್ತು. ಈಗ ಅದರಲ್ಲಿ ಪ್ರಾಮಾಣಿಕವಾಗಿರುವುದು ಆ ಹೆಸರೊಂದೇ ಅನ್ನಿಸುತ್ತಿದೆ. ಅದನ್ನು ಮಾಲೀಕನೂ ಓದಬಹುದು. ಹೆಸರಿಲ್ಲದೆ ಸಂಜೆ ಮನೆಗೇ ತಲುಪುವ ಡಬ್ಬಿಯ ಬಗ್ಗೆ ನನಗೆ ಹೆಚ್ಚು ಭಯ.

"ಹಾಗಾದ್ರೆ ಮಾಲೀಕರ ಎದುರಲ್ಲೇ ಕೊಡು" ಎಂದೆ.

ಸ್ವಲ್ಪ ಹೊತ್ತು ಸುಮ್ಮನಿದ್ದ. "ಮಾಲೀಕರ ಎದುರು ಕೊಟ್ರೆ ಅವರು ತಗೊಳ್ಳಲ್ಲ, ಮಾಮು."

ಹೋಗುವಾಗ ಫ್ಲಾಸ್ಕನ್ನು ನನಗೇ ಬಿಟ್ಟು ಹೋದ. ಅವನ ಕಂಪೆನಿಯ ಹೆಸರನ್ನು ನಾನಿಲ್ಲಿ ಬರೆಯದಿರುವುದು ಅದಕ್ಕೇ.