ಗೆದ್ದ ಹಣವೂ ಕೊಟ್ಟ ದಾನವೂ

ಜೂಜಿನಲ್ಲಿ ಗೆದ್ದ ಹಣವು ಧರ್ಮಕಾರ್ಯಕ್ಕೆ ವೆಚ್ಚವಾದರೆ ಅದರ ದೋಷವು ನೀಗುವದೋ ಎಂದು ಕೇಳುವವರುಂಟು. ಈ ಪ್ರಶ್ನೆಯನ್ನು ನಾವು ಇಂಗ್ಲೆಂಡ್ ದೇಶದ ಒಬ್ಬ ಸ್ತ್ರೀಯ ವೃತ್ತಾಂತವನ್ನು ಮುಂದಿಟ್ಟುಕೊಂಡು ಯೋಚಿಸೋಣ.

ಲಿವ್ ಬೋರೀ ಎಂಬ ಈಕೆಯು 1984ರಲ್ಲಿ ಹುಟ್ಟಿ, ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರವನ್ನೂ ನಕ್ಷತ್ರಗಳ ಶಾಸ್ತ್ರವನ್ನೂ ಕಲಿತವಳು. ಇಷ್ಟು ವಿದ್ಯೆಯುಳ್ಳ ಆಕೆಯು ಪೋಕರ್ ಎಂಬ ಇಸ್ಪೀಟಾಟವನ್ನೇ ಜೀವನೋಪಾಯವಾಗಿ ಆರಿಸಿಕೊಂಡಳು. 2010ರ ಏಪ್ರಿಲ್ ತಿಂಗಳಲ್ಲಿ ಇಟಲಿ ದೇಶದ ಸಾನ್ ರೆಮೋ ಪಟ್ಟಣದೊಳಗೆ 1,240 ಮಂದಿ ಕೂಡಿದ ಪಂದ್ಯದಲ್ಲಿ ಕಟ್ಟಕಡೆಗೆ ಉಳಿದವಳು ಈಕೆಯೇ. ದೊರೆತ ಬಹುಮಾನವು 12,50,000 ಯೂರೋ. 2017ರಲ್ಲಿ ಅಮೆರಿಕದ ಲಾಸ್ ವೇಗಸಿನಲ್ಲಿ ಜೊತೆಯಾಟಗಾರನೊಡನೆ ಇನ್ನೊಂದು ದೊಡ್ಡ ಪಂದ್ಯವನ್ನೂ ಗೆದ್ದಳು.

ಇದು ನಮ್ಮ ಜಾತ್ರೆಗಳಲ್ಲಿ ನಡೆಯುವ ಅಂದರ್-ಬಾಹರ್ ಆಟದಂಥದ್ದಲ್ಲ. ಅಲ್ಲಿ ಎಲೆಯು ಎತ್ತ ಬಿದ್ದರೆ ಅತ್ತ ಹಣ, ಬುದ್ಧಿಗೆ ಕೆಲಸವಿಲ್ಲ. ಈ ಬಗೆಯ ಪೋಕರಿನಲ್ಲಿಯಾದರೋ ಒಬ್ಬೊಬ್ಬರಿಗೆ ಎರಡು ಎಲೆಗಳು ಗುಟ್ಟಾಗಿ ಬರುತ್ತವೆ. ಐದು ಎಲೆಗಳು ಎಲ್ಲರಿಗೂ ಸಾಮಾನ್ಯವಾಗಿ ಮೇಜಿನ ಮೇಲೆ ತೆರೆಯಲ್ಪಡುತ್ತವೆ. ತೆರೆಯುವಾಗಲೆಲ್ಲಾ ಪಣವನ್ನು ಏರಿಸಬಹುದು, ಇಲ್ಲವೆ ಎಲೆಗಳನ್ನು ಕೆಳಗಿಟ್ಟು ಹಿಂದೆಗೆಯಬಹುದು. ಯಾವ ಎಲೆ ಬರುವ ಸಂಭವವೆಷ್ಟು, ಎದುರಿನವನು ನಿಜವಾಗಿ ಬಲವುಳ್ಳವನೋ ಬರೀ ಬೆದರಿಸುವವನೋ ಎಂದು ಗಣಿಸಬಲ್ಲವನು ಒಂದು ದಿನ ಸೋತರೂ ವರುಷದ ಕೊನೆಯಲ್ಲಿ ಗೆಲ್ಲುವನು. ಈ ಕಾರಣದಿಂದಲೇ ಅದು ಜೂಜಲ್ಲ, ಚಾತುರ್ಯದ ಕೂಲಿಯೆಂದು ಹಲವರು ವಾದಿಸುತ್ತಾರೆ. ನಮ್ಮ ರಾಜ್ಯದಲ್ಲಿಯೂ ಈ ವಾದವು ಕೇಳಿಬಂತು. ಪಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು 2021ರ ಕಾಯಿದೆಯು ನಿಷೇಧಿಸಿದಾಗ, ಕರ್ನಾಟಕದ ಉಚ್ಚ ನ್ಯಾಯಾಲಯವು ಚಾತುರ್ಯದ ಆಟವೂ ಅದೃಷ್ಟದ ಆಟವೂ ಒಂದೇ ಅಲ್ಲವೆಂದು ಎಣಿಸಿ, 2022ರ ಫೆಬ್ರವರಿ 14ರಂದು ಆ ನಿಷೇಧವನ್ನು ತಳ್ಳಿಹಾಕಿತು.

ನ್ಯಾಯಾಲಯದ ಕೆಲಸವು ನ್ಯಾಯಾಲಯಕ್ಕೇ ಇರಲಿ. ನಮಗಾದರೋ ಚಾತುರ್ಯವೆಂಬ ಮಾತು ಸಂಶಯವನ್ನು ಹೆಚ್ಚಿಸುತ್ತದೆ. ರೈತನು ಚಾತುರ್ಯದಿಂದ ಬೆಳೆದರೆ ಜಗತ್ತಿನಲ್ಲಿ ಒಂದು ಸೇರು ರಾಗಿ ಹೆಚ್ಚುತ್ತದೆ. ನೇಕಾರನು ಚಾತುರ್ಯದಿಂದ ನೆಯ್ದರೆ ಕೊಂಡವನಿಗೆ ಬಟ್ಟೆ, ನೆಯ್ದವನಿಗೆ ಹಣ. ಪೋಕರಿನ ಮೇಜಿನ ಮೇಲೆ ಯಾವದೂ ಹೆಚ್ಚುವದಿಲ್ಲ. ಸಾನ್ ರೆಮೋದಲ್ಲಿ ಕೂತವರು ತಲೆಗೆ 5,000 ಯೂರೋಗಿಂತ ಹೆಚ್ಚು ತೆತ್ತು ಕೂತರು. ಬಹುಮಾನವೆಂಬದು ಆ ಹಣವೇ. ಅವರಲ್ಲಿ ಬಹುಮಂದಿ ಬರಿಗೈಯಲ್ಲಿ ಹಿಂದಿರುಗಿದರು. ಅದೃಷ್ಟದ ಆಟದಲ್ಲಿ ಇಬ್ಬರೂ ಸಮಾನವಾಗಿ ಕುರುಡರು. ಚಾತುರ್ಯದ ಆಟದಲ್ಲಿ ಒಬ್ಬನಿಗೆ ಕಣ್ಣುಂಟು, ಮತ್ತೊಬ್ಬನಿಗೆ ತಾನು ಕುರುಡನೆಂಬದೂ ಗೊತ್ತಿಲ್ಲ. ಅದನ್ನೇ ವೃತ್ತಿಯಾಗಿ ಮಾಡಿಕೊಂಡವನು ತನಗಿಂತ ಕಡಿಮೆ ಬಲ್ಲವರು ಕೂತಿರುವ ಮೇಜನ್ನೇ ಹುಡುಕಬೇಕಾಗುತ್ತದೆ. ಓದುಬಾರದವನ ಹೆಬ್ಬೆಟ್ಟನ್ನು ಕಾಗದಕ್ಕೆ ಒತ್ತಿಸಿಕೊಳ್ಳುವ ಸಾಹುಕಾರನಿಗೂ ಚಾತುರ್ಯವುಂಟಲ್ಲವೋ? ಸೋಲಬಲ್ಲ ಧನಿಕರು ತಾವಾಗಿಯೇ ಒಪ್ಪಿ ಕೂತರೆಂಬದು ನಿಜವೇ. ಅದರಿಂದ ದೋಷವು ಹಗುರವಾದೀತು. ಆದರೆ ಅವರನ್ನು ನೋಡಿ, ಮಕ್ಕಳ ಹಿಟ್ಟಿನ ಹಣವನ್ನು ಹಿಡುಕೊಂಡು ಬಂದು ಕೂಡ್ರುವವನೂ ಇದ್ದಾನೆ.

ಇನ್ನು ದಾನದ ಮಾತು. 2014ರಲ್ಲಿ ಬೋರೀಯೂ ಕೆಲವು ಸಂಗಡಿಗರೂ ಸೇರಿ ಒಂದು ಸಂಘವನ್ನು ಕಟ್ಟಿದರು. ಅದಕ್ಕೆ ಸೇರುವ ಆಟಗಾರರು ತಮ್ಮ ಗೆಲುವಿನಲ್ಲಿ ಕಡಿಮೆಯೆಂದರೆ ನೂರಕ್ಕೆ 2 ಪಾಲನ್ನು ಕೊಡುವೆವೆಂದು ಮಾತುಕೊಟ್ಟರು. ಕನಿಕರ ಬಂದಕಡೆಗೆ ಚೆಲ್ಲಿಬಿಡದೆ, ಒಂದೊಂದು ಹಣದಿಂದ ಎಷ್ಟು ಪ್ರಾಣ ಉಳಿಯುವದೆಂದು ಲೆಕ್ಕಹಾಕಿ ಕೊಡತಕ್ಕದ್ದೆಂಬದು ಅವರ ನಿಯಮ. ಆಟದಲ್ಲಿ ಕಲಿತ ಲೆಕ್ಕವನ್ನೇ ದಾನಕ್ಕೂ ಹಚ್ಚಿದರು. ಮಲೇರಿಯಾ ಜ್ವರವನ್ನು ತಡೆಯುವದಕ್ಕೆ ಔಷಧ ಹಚ್ಚಿದ ಸೊಳ್ಳೆಪರದೆಗಳನ್ನು ಹಂಚುವ ಸಂಸ್ಥೆಗೂ ಹೀಗೆ ಹಣ ಹೋಯಿತು. ಚಳಿಜ್ವರದ ಕಷ್ಟವನ್ನು ಕಂಡ ಮನೆಯವರು ಇದನ್ನು ಅಲ್ಪವೆಂದು ಹೇಳಲಾರರು. ಪರದೆಯ ಕೆಳಗೆ ಮಲಗಿದ ಕೂಸು, ಈ ಹಣವು ಯಾವ ಮೇಜಿನಿಂದ ಬಂತೆಂದು ಕೇಳಬೇಕಾದದ್ದಿಲ್ಲ. ಅದರ ತಾಯಿಯೂ ಕೇಳಬೇಕಾದದ್ದಿಲ್ಲ. ಕೇಳಬೇಕಾದವನು ಕೊಡುವವನೇ.

ಯೂದನು ಬಿಸಾಡಿದ ಬೆಳ್ಳಿಯನ್ನು ಯಾಜಕರು ಕಾಣಿಕೆಗೆ ಸೇರಿಸದೆ, ಪರದೇಶಿಗಳನ್ನು ಹೂಣಿಡುವದಕ್ಕಾಗಿ ಕುಂಬಾರನ ಹೊಲವನ್ನು ಕೊಂಡುಕೊಂಡದ್ದು ನಮ್ಮ ವಾಚಕರಿಗೆ ತಿಳಿದೇ ಇದೆ. ಈ ಸ್ತ್ರೀಯನ್ನು ಯೂದನಿಗೆ ಸಮಮಾಡುವದು ನಮ್ಮ ಉದ್ದೇಶವಲ್ಲ. ಅಂಥ ಮಾತು ಅನ್ಯಾಯವಾದೀತು. ಹೊಲವು ಪರದೇಶಿಗಳಿಗೆ ನಿಜವಾಗಿ ಉಪಯೋಗವಾಯಿತು. ಆದರೂ ಅದಕ್ಕೆ ರಕ್ತದ ಹೊಲವೆಂಬ ಹೆಸರೇ ನಿಂತಿತು. ಎರಡೂ ನಿಜ, ಒಂದು ಮತ್ತೊಂದನ್ನು ಅಳಿಸಲಿಲ್ಲ. ಹಾಗೆಯೇ ಪರದೆಗಳ ಲೆಕ್ಕವನ್ನು ಬರೆಯುವಾಗ ಸೋತವರ ಲೆಕ್ಕವನ್ನು ಬೇರೆ ಪುಟದಲ್ಲಿ ಬರೆಯಬೇಕು. ಒಂದರಿಂದ ಮತ್ತೊಂದನ್ನು ಕಳೆಯಕೂಡದು.

ತರುವಾಯ ಬೋರೀಯು ಪೋಕರಿನ ವೃತ್ತಿಯನ್ನು ಬಿಟ್ಟಳು. 2023ರಲ್ಲಿ ಟೆಡ್ ಸಭೆಯೊಳಗೆ ಆಕೆಯು ಮಾತಾಡಿದ್ದು ಪೈಪೋಟಿಯ ಕೇಡನ್ನು ಕುರಿತೇ. ಕೃತಕ ಬುದ್ಧಿಯ ಯಂತ್ರಗಳನ್ನು ಕಟ್ಟುವ ಕಂಪನಿಗಳು ಒಂದನ್ನೊಂದು ಹಿಂದೆಹಾಕಲು ಓಡುವಾಗ ಎಲ್ಲರೂ ಸೋಲುವ ಆಟವೊಂದು ಹುಟ್ಟಬಹುದೆಂದು ಎಚ್ಚರಿಸಿದಳು. ಎದುರಿನವರ ಸೋಲಿನಿಂದಲೇ ತನ್ನ ಗೆಲುವು ಬರುವ ಮೇಜಿನ ಬಳಿಯಲ್ಲಿ ಬಹುಕಾಲ ಕೂತಿದ್ದ ಸ್ತ್ರೀಯು ಈಗ, ಇಬ್ಬರೂ ಗೆಲ್ಲುವ ದಾರಿ ಯಾವದೆಂದು ಕಂಡಕಂಡವರನ್ನು ವಿಚಾರಿಸುತ್ತಿದ್ದಾಳೆ.