ಪ್ರಾಣವೂ ತೀರ್ಥವೂ

ವಾಕ್ಕು, ಕಣ್ಣು, ಕಿವಿ, ಮನಸ್ಸುಗಳು ತಮ್ಮಲ್ಲಿ ಶ್ರೇಷ್ಠರಾರೆಂದು ಕಲಹವಾಡಿ ಒಂದೊಂದಾಗಿ ಶರೀರವನ್ನು ತೊರೆದರೂ ಮನುಷ್ಯನು ಬದುಕಿಯೇ ಇದ್ದನೆಂದೂ, ಪ್ರಾಣವು ಹೊರಡಲನುವಾದೊಡನೆ ಉಳಿದವೆಲ್ಲ ಕಿತ್ತುಬರುವಂತಾದುವೆಂದೂ ಛಾಂದೋಗ್ಯೋಪನಿಷತ್ತು ಹೇಳುವ ಆಖ್ಯಾನವು, ಅಬುಧಾಬಿಯ ಆಸ್ಪತ್ರೆಯೊಂದರಲ್ಲಿ ಪಾರ್ಶ್ವವಾಯುವಿನಿಂದ ಮಾತೂ ಬಲಗೈಯೂ ಉಡುಗಿದ ಕನ್ನಡಿಗರೊಬ್ಬರ ಮಂಚದ ಬಳಿ ನಿಂತಾಗ ನನಗೆ ಬರಿಯ ಕಥೆಯಾಗಿ ತೋರಲಿಲ್ಲ.

ಮಿದುಳಿನ ರಕ್ತನಾಳವು ಮುಚ್ಚಿದರೆ ಪೆಟ್ಟು ಶಿರಸ್ಸಿನಲ್ಲಿಯೇ ನಿಲ್ಲುವುದಿಲ್ಲ. ನುಂಗುವ ಸ್ನಾಯುಗಳು ಸೋತು ಜೊಲ್ಲೂ ನೀರೂ ಶ್ವಾಸಕೋಶಕ್ಕಿಳಿಯುತ್ತವೆ. ಅದೇ ವೇಳೆಗೆ ಗಾಯಗೊಂಡ ಮಿದುಳು ನರಗಳ ಮೂಲಕ ರೋಗನಿರೋಧಶಕ್ತಿಯನ್ನೂ ಕುಗ್ಗಿಸುವುದೆಂದು ಬರ್ಲಿನ್ನಿನ ಸಂಶೋಧಕರು 2003ರಲ್ಲಿ ಇಲಿಗಳಲ್ಲಿ ತೋರಿಸಿದರು. ನ್ಯುಮೋನಿಯಾ ಬಂದೆರಗುವುದು ಈ ಎರಡರ ಸಂಧಿಯಲ್ಲಿ. ಸಂಬಂಧವು ಏಕಮುಖವೂ ಅಲ್ಲ: ಶ್ವಾಸಕೋಶದ ಸೂಕ್ಷ್ಮಾಣುಗಳು ಮಿದುಳಿನ ರಕ್ಷಕಕೋಶಗಳ ವರ್ತನೆಯನ್ನು ಮಾರ್ಪಡಿಸುವುದನ್ನು, ಬೇರೊಂದು ವ್ಯಾಧಿಯ ಪ್ರಸಂಗದಲ್ಲಿ, ಗಟಿಂಗೆನ್ನಿನ ವಿಜ್ಞಾನಿಗಳು 2022ರಲ್ಲಿ ಇಲಿಗಳಲ್ಲಿಯೇ ಕಂಡರು.

ದುಬೈಯಿಂದ ಧಾವಿಸಿಬಂದ ಬಂಧುಗಳು ಊರಿನ ದೇವರ ತೀರ್ಥವನ್ನು ಪುಟ್ಟ ಸೀಸೆಯಲ್ಲಿ ತಂದಿದ್ದರು. ಚಮಚೆಯನ್ನು ತುಟಿಗೊಯ್ಯುವಷ್ಟರಲ್ಲಿ ದಾದಿ ಕೈತಡೆದಳು; ನುಂಗುವ ಪರೀಕ್ಷೆ ಇನ್ನೂ ಆಗಿರಲಿಲ್ಲ. ರೋಗಿಯ ತಾಯಿಯ ಮುಖ ಕಂದಿತು. ಆ ವೇದನೆಯನ್ನು ಅಂಧಶ್ರದ್ಧೆಯೆಂದು ತಳ್ಳಿಹಾಕಲು ನಾನು ಸಿದ್ಧನಲ್ಲ. ಆದರೆ ಊಟದ ಮೊದಲ ತುತ್ತನ್ನು ಪ್ರಾಣಕ್ಕೇ ಆಹುತಿಯಾಗಿ ಅರ್ಪಿಸುವ ನಮ್ಮ ಧರ್ಮವು ಪ್ರಾಣದ ಹಾದಿಗೆ ಅಡ್ಡಬರುವ ಹನಿಯನ್ನು ಪುಣ್ಯವೆಂದು ಎಣಿಸಲಾರದು. ತೀರ್ಥವನ್ನು ಶಿರಸ್ಸಿಗೆ ಪ್ರೋಕ್ಷಿಸಿದರೂ ಅದು ಸಂದಂತೆಯೇ. ರೋಗಿಯನ್ನು ನೆಟ್ಟಗೆ ಕೂರಿಸಿ, ಬಾಯಿಯನ್ನು ಶುಚಿಗೊಳಿಸಿ, ಕಫ ತೆಗೆದು, ಉಸಿರನ್ನು ಕಾಯುವ ಆ ದಾದಿಯ ನಿತ್ಯಕರ್ಮವನ್ನು ಪ್ರಾಣೋಪಾಸನೆಯೆಂದು ಕರೆಯಲು ನನಗೆ ಸಂಕೋಚವಿಲ್ಲ.